ವದಂತಿ ತಡೆಯುವ ಆ್ಯಪ್‌ಗೆ ಹಣ ಕಟ್ಟುವ ಮುನ್ನ ಇದನ್ನು ಓದಿ

ಕೋಮುಗಲಭೆ ಹಬ್ಬಿಸುವ ವದಂತಿಗಳನ್ನು ಕೂಡಲೇ ಪತ್ತೆ ಹಚ್ಚಿ ನಿಜಾಂಶ ತಿಳಿಸುತ್ತೇವೆ ಎಂದು ಶಾಂತಿ ಸಮಿತಿಗಳಿಗೆ ಆ್ಯಪ್ ಮಾರುವವರ ಬಗ್ಗೆ ದಯವಿಟ್ಟು ಎಚ್ಚರದಿಂದಿರಿ. ಅಂಥ ಒಂದು ಸಂಸ್ಥೆಗೆ ನಮ್ಮ ಸಮಿತಿ ಇಡೀ ವರ್ಷದ ಚಂದಾ ಮುಂಗಡವಾಗಿ ಕಟ್ಟಿತು. ಪ್ರತಿಯೊಂದು ಸಂದೇಶವನ್ನೂ ತಮ್ಮ ಸಿಬ್ಬಂದಿ ಸ್ಥಳದಲ್ಲಿರುವವರಿಗೆ ಕರೆ ಮಾಡಿ ವಿಚಾರಿಸುತ್ತಾರೆಂದು ಅವರ ಪ್ರತಿನಿಧಿ ಎಲ್ಲರೆದುರು ಹೇಳಿದ್ದರು. ಕೀನ್ಯಾದ ತಾನಾ ನದಿ ಮುಖಜಭೂಮಿಯಲ್ಲಿ 2012–13ರ ಹಿಂಸೆಗೆ ನೂರಕ್ಕೂ ಹೆಚ್ಚು ಜನ ಬಲಿಯಾದ ಮೇಲೆ ಆರಂಭವಾದ ‘ಉನಾ ಹಕಿಕಾ’ ಯೋಜನೆಯೇ ತಮಗೆ ಮಾದರಿ ಎಂದೂ ಹೇಳಿದ್ದರು. ಅಲ್ಲಿ ಜನ ಎಸ್ಸೆಮ್ಮೆಸ್‌ನಲ್ಲಿ ವದಂತಿ ತಿಳಿಸಿದರೆ ಹಳ್ಳಿಗಳಲ್ಲಿದ್ದ ಸ್ವಯಂಸೇವಕರ ನೆರವಿನಿಂದ ಅದನ್ನು ಪರಿಶೀಲಿಸಿ ಉತ್ತರ ಕಳುಹಿಸಲಾಗುತ್ತಿತ್ತು. ನಮಗೆ ಮಾರಿದ ವ್ಯವಸ್ಥೆಯಲ್ಲಿ ವಿಚಾರಿಸುವ ಒಬ್ಬ ಮನುಷ್ಯನೂ ಇರಲಿಲ್ಲ. ಒಬ್ಬನೂ ಇರಲಿಲ್ಲ!

ಅದು ಗೊತ್ತಾದದ್ದು ಒಂದು ವಿಡಿಯೊ ಬಂದ ರಾತ್ರಿ. ಗುಂಪೊಂದು ಇಬ್ಬರನ್ನು ಹೊಡೆಯುತ್ತಿತ್ತು, ಕೆಳಗೆ ‘ನಮ್ಮವರನ್ನು ಕೊಲ್ಲುತ್ತಿದ್ದಾರೆ, ಎಲ್ಲರೂ ಬನ್ನಿ’ ಎಂಬ ಒಕ್ಕಣೆ, ಮೇಲೆ ಹಲವು ಬಾರಿ ಫಾರ್ವರ್ಡ್ ಆದದ್ದನ್ನು ಸೂಚಿಸುವ ಜೋಡಿ ಬಾಣ. ಅದನ್ನು ಆ್ಯಪ್‌ಗೆ ಕಳುಹಿಸಿದ ತಕ್ಷಣವೇ, ನಿಜವೆಂದು ಒಪ್ಪಿದಂತೆ ಕಾಣುವ ಹಸಿರು ಗುರುತು ಬಿತ್ತು. ಯಾರಿಗಾದರೂ ಕರೆ ಮಾಡಿ ಕೇಳಲು ಬೇಕಾದಷ್ಟು ಸಮಯವೂ ಆಗಿರಲಿಲ್ಲ. ನಾವು ಮೋಸ ಹೋಗಿದ್ದೇವೆಂದು ನನಗೆ ಅರಿವಾದದ್ದು ಆ ಗುರುತನ್ನು ಕಂಡ ಗಳಿಗೆಯಲ್ಲಿ.

ಅಷ್ಟರಲ್ಲಿ ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು, ‘ಶಾಂತಿ ಸಮಿತಿಯ ಆ್ಯಪ್ಪೇ ಒಪ್ಪಿದೆ’ ಎಂದು ಬರೆದು ಹರಿಬಿಟ್ಟಿದ್ದರು. ಹೆಚ್ಚು ಹರಿದಾಡಿದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸುವಂತೆ ವಾಟ್ಸ್‌ಆ್ಯಪ್ 2020ರ ಏಪ್ರಿಲ್‌ನಲ್ಲಿ ಮಿತಿ ಹಾಕಿದೆ; ಆದರೆ ಸ್ಕ್ರೀನ್‌ಶಾಟ್ ಹೊಸ ಚಿತ್ರವಾದ್ದರಿಂದ ಅದಕ್ಕೆ ಮೊದಮೊದಲು ಆ ಬಾಣವೂ ಇಲ್ಲ, ಆ ತಡೆಯೂ ಇಲ್ಲ. ಸದಸ್ಯರೊಬ್ಬರು ವಿಡಿಯೊದ ಒಂದು ದೃಶ್ಯವನ್ನು ರಿವರ್ಸ್ ಇಮೇಜ್ ಸರ್ಚ್‌ಗೆ (ಒಂದು ಚಿತ್ರ ಈ ಹಿಂದೆ ಎಲ್ಲೆಲ್ಲಿ ಬಂದಿದೆಯೆಂದು ಅಂತರ್ಜಾಲದಲ್ಲಿ ಹುಡುಕುವ ಸೌಲಭ್ಯ) ಹಾಕಿದಾಗ ಅದು ಬೇರೆ ದೇಶದ ಹಳೆಯ ಘಟನೆಯೆಂದು ತಿಳಿಯಿತು. 2013ರಲ್ಲಿ ಮುಜಫ್ಫರ್‌ನಗರದ ಗಲಭೆಯ ಹೊತ್ತಿನಲ್ಲೂ ಹೊರದೇಶದ ಹಳೆಯ ವಿಡಿಯೊವನ್ನು ಸ್ಥಳೀಯ ಕೊಲೆಯೆಂದು ಹೀಗೆಯೇ ಹಬ್ಬಿಸಲಾಗಿತ್ತು. ನಮ್ಮಲ್ಲಿ ಆ ರಾತ್ರಿ ಪೊಲೀಸರೂ ಎರಡೂ ಸಮುದಾಯಗಳ ಹಿರಿಯರೂ ಬೀದಿಗೆ ಬಂದು ನಿಂತದ್ದರಿಂದ ಪರಿಸ್ಥಿತಿ ಕೈಮೀರಲಿಲ್ಲ. ಆ್ಯಪ್‌ನಿಂದ ಎಳ್ಳಷ್ಟೂ ಸಹಾಯವಾಗಲಿಲ್ಲ.

ಮರುದಿನ ಕೇಳಿದಾಗ ಬಂದ ಉತ್ತರಗಳನ್ನು ಓದಿ. ‘ಹಸಿರು ಗುರುತು ಸಂದೇಶ ತಲುಪಿದ್ದಕ್ಕೆ ಮಾತ್ರ, ನಿಯಮಾವಳಿಯಲ್ಲಿ ನಮೂದಿಸಿದೆ.’ ಸಿಬ್ಬಂದಿ ಎಲ್ಲಿ ಎಂದರೆ, ‘ಆ ಸೌಲಭ್ಯ ಮುಂದಿನ ಆವೃತ್ತಿಯಲ್ಲಿ ಬರಲಿದೆ.’ ಗುರುತು ನೋಡಿದವರಿಗೆಲ್ಲ ತಿದ್ದುಪಡಿ ಕಳುಹಿಸಿ ಎಂದು ಅಂಗಲಾಚಿದರೆ, ‘ಅಂಥ ವ್ಯವಸ್ಥೆ ಇಲ್ಲ.’ ಹಣದ ಮಾತೆತ್ತಿದರೆ, ‘ಚಂದಾ ಹಿಂದಿರುಗಿಸಲಾಗದು.’ ಮನೆಗಳಿಗೆ ಬೆಂಕಿ ಬೀಳಬಹುದಾಗಿದ್ದ ರಾತ್ರಿಯ ಬಗ್ಗೆ ಕೇಳಿದವರಿಗೆ ಇಂಥ ಉತ್ತರ ಕೊಡಲು ಅವರಿಗೆ ಮನಸ್ಸಾದರೂ ಹೇಗೆ ಬಂತು?

ನಿಮ್ಮ ಬಳಿ ಅಂಥವರು ಬಂದರೆ, ಪರಿಶೀಲಿಸುವವರು ಯಾರು, ರಾತ್ರಿ ಹೊತ್ತು ಅವರನ್ನು ಹೇಗೆ ಸಂಪರ್ಕಿಸಬೇಕು, ತಪ್ಪಾದರೆ ತಿದ್ದುಪಡಿ ಯಾರಿಗೆ ತಲುಪುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಒಂದು ಹಳೆಯ ಸುಳ್ಳು ವಿಡಿಯೊ ಕಳುಹಿಸಿ ಅವರೆದುರೇ ಪರೀಕ್ಷಿಸಿ. ಅದಕ್ಕೆ ಒಪ್ಪದವರಿಗೆ ಬಿಡಿಗಾಸೂ ಕೊಡಬೇಡಿ.