ಎಕ್ಸ್‌ಆರ್‌ಡಿಪಿ: ಆಫೀಸಿಗೆಲ್ಲ ಒಂದೇ ಲಿನಕ್ಸ್ ಸರ್ವರ್ ಇದ್ದರೆ ಹೇಗೆ?

ಆಫೀಸಿಗೆಲ್ಲ ಒಂದೇ ಲಿನಕ್ಸ್ ಸರ್ವರ್, ಮೇಜಿನ ಮೇಲೆ ಹಳೇ ಪಿಸಿಗಳು. ಎಲ್ಲರೂ ತಮ್ಮ ಪಿಸಿಯಿಂದ ಆ ಸರ್ವರ್‌ನ ಡೆಸ್ಕ್‌ಟಾಪ್ ತೆರೆದು ಕೆಲಸ ಮಾಡಬೇಕು. ಇದಕ್ಕೆ ಎಕ್ಸ್‌ಆರ್‌ಡಿಪಿ (ಲಿನಕ್ಸ್ ಡೆಸ್ಕ್‌ಟಾಪನ್ನು ದೂರದ ಪಿಸಿಯಲ್ಲಿ ತೋರಿಸುವ ಸಾಫ್ಟ್‌ವೇರ್) ಸಾಕಾಗುತ್ತಾ ಅಂತ ಕೇಳಿದರೆ, ಸಾಕಾಗುತ್ತೆ, ಆದರೆ ಇನ್‌ಸ್ಟಾಲ್ ಮಾಡಿ ಹಾಗೇ ಬಿಟ್ಟರೆ ಆಗಲ್ಲ. ದುಡ್ಡು ಕೊಡಬೇಕಿಲ್ಲ. ವಿಂಡೋಸ್‌ನಲ್ಲಿ ಮೊದಲೇ ಇರುವ ರಿಮೋಟ್ ಡೆಸ್ಕ್‌ಟಾಪ್‌ನಿಂದಲೇ 3389 ಪೋರ್ಟಿಗೆ ಬರಬಹುದು, ಬಳಸುವವರ ಕಡೆ ಹೊಸದಾಗಿ ಏನೂ ಹಾಕಬೇಕಿಲ್ಲ. ನಾನು ಇದನ್ನು ಇಟ್ಟುಕೊಂಡಿರುವುದೇ ಅದಕ್ಕೆ.

ತಲೆನೋವೆಲ್ಲ ಸೆಷನ್‌ಗಳದ್ದು, ಅಂದ್ರೆ ಒಬ್ಬೊಬ್ಬರಿಗೂ ಸರ್ವರ್‌ನಲ್ಲಿ ತೆರೆದುಕೊಳ್ಳುವ ಡೆಸ್ಕ್‌ಟಾಪ್‌ಗಳದ್ದು. ಜನ ಲಾಗೌಟ್ ಮಾಡಲ್ಲ, ಮೂಲೆಯ ಗುಂಡಿ ಒತ್ತಿ ವಿಂಡೋ ಮುಚ್ಚಿ ಎದ್ದು ಹೋಗುತ್ತಾರೆ, ಅಲ್ವಾ? ಸರ್ವರ್‌ನಲ್ಲಿ ಮಾತ್ರ ಅವರ ಡೆಸ್ಕ್‌ಟಾಪ್, ಬ್ರೌಸರ್, ತೆರೆದಿಟ್ಟ ಟ್ಯಾಬುಗಳು ಎಲ್ಲ ಮೆಮೊರಿ ಹಿಡಿದುಕೊಂಡು ಕೂತಿರುತ್ತವೆ. ಮರುದಿನ ಬಿಟ್ಟಲ್ಲಿಂದಲೇ ಕೆಲಸ ಸಿಗುತ್ತೆ, ಅದು ಒಳ್ಳೇದೇ. ಆದರೆ ಹಳೇ ಸೆಷನ್ ಹುಡುಕುವಾಗ ಎಕ್ಸ್‌ಆರ್‌ಡಿಪಿ ಯೂಸರ್ ಹೆಸರನ್ನಷ್ಟೇ ನೋಡಲ್ಲ, ಕಲರ್ ಡೆಪ್ತ್ (ಪರದೆಯ ಪ್ರತಿ ಚುಕ್ಕಿಯ ಬಣ್ಣಕ್ಕೆ ಎಷ್ಟು ಬಿಟ್ ಅನ್ನುವುದು) ಕೂಡ ನೋಡುತ್ತೆ. ನಿನ್ನೆ 32 ಬಿಟ್‌ನಲ್ಲಿ ಬಂದವರು ಇವತ್ತು ಬೇರೆ ಪಿಸಿಯಿಂದ 16 ಬಿಟ್‌ನಲ್ಲಿ ಬಂದರೆ ಹೊಸ ಡೆಸ್ಕ್‌ಟಾಪೇ ತೆರೆದುಕೊಳ್ಳುತ್ತೆ. "ನಾನು ತೆರೆದಿಟ್ಟಿದ್ದೆಲ್ಲ ಎಲ್ಲಿ ಹೋಯ್ತು?" ಅಂತ ಫೋನು. ಜೊತೆಗೆ ಫೈರ್‌ಫಾಕ್ಸ್ "ಆಗಲೇ ಓಡ್ತಿದೀನಿ" ಅಂತ ಹಟ ಹಿಡಿಯುತ್ತೆ, ಯಾಕಂದ್ರೆ ಹಳೇ ಸೆಷನ್ ಪ್ರೊಫೈಲ್‌ಗೆ ಬೀಗ ಹಾಕಿಟ್ಟಿದೆ. ಎಲ್ಲ ಪಿಸಿಗಳಲ್ಲೂ ಕಲರ್ ಡೆಪ್ತ್ ಒಂದೇ ಮಾಡಿಬಿಡಿ. ಡಿಸ್‌ಕನೆಕ್ಟ್ ಆದ ಸೆಷನ್‌ಗಳನ್ನು ಇಷ್ಟು ಹೊತ್ತಾದ ಮೇಲೆ ಕೊಲ್ಲು ಅನ್ನುವ ಸೆಟ್ಟಿಂಗ್ ಸೆಸ್‌ಮ್ಯಾನ್ (ಎಕ್ಸ್‌ಆರ್‌ಡಿಪಿಯಲ್ಲಿ ಸೆಷನ್ ನೋಡಿಕೊಳ್ಳುವ ಭಾಗ) ಕಾನ್ಫಿಗ್ ಫೈಲಿನಲ್ಲಿದೆ, ಡೀಫಾಲ್ಟ್ ಆಗಿ ಆಫ್. ಆನ್ ಮಾಡುವ ಮುಂಚೆ ಎಲ್ಲರಿಗೂ ಹೇಳಿ, ಸೇವ್ ಮಾಡದ ಫೈಲು ಹೋದರೆ ಬೈಗುಳ ನಿಮಗೇ.

"ಸರ್ವರ್ ಸ್ಲೋ" ಅಂದ ಕೂಡಲೇ ಎಲ್ಲರೂ ಎಕ್ಸ್‌ಆರ್‌ಡಿಪಿಯನ್ನೇ ಬೈತಾರೆ. ಜಾಸ್ತಿ ಸಲ ತಪ್ಪು ಇದರದ್ದಲ್ಲ. ಲೋಡ್ ಆವರೇಜ್ (ಓಡುತ್ತಿರುವ, ಕಾಯುತ್ತಿರುವ ಕೆಲಸಗಳ ಸರಾಸರಿ ಲೆಕ್ಕ) ಆಕಾಶದಲ್ಲಿದೆ, ಸಿಪಿಯು ಮಾತ್ರ ಸುಮ್ನೆ ಕೂತಿದೆ ಅಂದ್ರೆ ಡಿಸ್ಕ್ ಕಡೆ ನೋಡಿ, ಇಲ್ಲವೇ ಹೋಮ್ ಫೋಲ್ಡರ್ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಡಿಸ್ಕ್) ಮೇಲಿದ್ದರೆ ಅದರ ಕಡೆ. ಯಾರದ್ದೋ ಪ್ರೋಗ್ರಾಂ ತಾನಾಗೇ ಮುಚ್ಚಿಕೊಂಡಿತಾ? ಕರ್ನಲ್ ಲಾಗ್‌ನಲ್ಲಿ ಓಓಎಂ ಕಿಲ್ಲರ್ ಹೆಸರು ಹುಡುಕಿ, ಮೆಮೊರಿ ಮುಗಿದಾಗ ಪ್ರೋಗ್ರಾಂ ಕೊಲ್ಲುವುದು ಅದೇ. ಪಾಸ್‌ವರ್ಡ್ ಸರಿ ಇದ್ದರೂ ಮತ್ತೆ ಲಾಗಿನ್ ಪರದೆಗೇ ಬಂದು ನಿಲ್ಲುತ್ತಿದ್ದರೆ ಮೊದಲು ಡಿಸ್ಕ್ ತುಂಬಿದೆಯಾ ನೋಡಿ. ಜಾಗ ಖಾಲಿ ಕಾಣಿಸಿದರೂ ಐನೋಡ್ (ಪ್ರತಿ ಫೈಲಿಗೂ ಬೇಕಾಗುವ ದಾಖಲೆ) ಮುಗಿದಿರಬಹುದು.

ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಸಿಸ್ಟಂಡಿಯಲ್ಲಿ (ಲಿನಕ್ಸ್‌ನ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಪ್ರತಿ ಯೂಸರ್ ಸ್ಲೈಸಿಗೂ, ಅಂದ್ರೆ ಒಬ್ಬರ ಪ್ರೋಗ್ರಾಂಗಳ ಗುಂಪಿಗೂ, ಮೆಮೊರಿ ಮಿತಿ ಹಾಕುವುದು. ಒಂದು ಚಿಕ್ಕ ಫೈಲು, ಅಷ್ಟೇ. ಆಮೇಲೆ ಒಬ್ಬರ ದೈತ್ಯ ಸ್ಪ್ರೆಡ್‌ಶೀಟಿಗೆ ಆಫೀಸೆಲ್ಲ ಕೈ ಕಟ್ಟಿ ಕೂರುವುದು ತಪ್ಪುತ್ತೆ, ಬಿದ್ದರೆ ಅವರ ಸೆಷನ್ ಮಾತ್ರ ಬೀಳುತ್ತೆ.

ಡೆಸ್ಕ್‌ಟಾಪ್‌ಗೆ ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿ, ಕಂಪೋಸಿಟಿಂಗ್ (ವಿಂಡೋಗಳ ನೆರಳು, ಪಾರದರ್ಶಕತೆಯಂಥ ಅಲಂಕಾರ) ಆಫ್ ಮಾಡಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸರ್ವರ್‌ನಲ್ಲಿ ಗ್ನೋಮ್ ಅನ್ನುವ ಭಾರದ ಡೆಸ್ಕ್‌ಟಾಪ್ ಹಾಕಿದರೆ ಅದರ ಅಲಂಕಾರವನ್ನೆಲ್ಲ ಸಿಪಿಯುನೇ ಬಿಡಿಸಬೇಕು. ಕಪ್ಪು ಪರದೆ ಬಂದರೆ ಅದೇ ಯೂಸರ್ ಸರ್ವರ್‌ನ ಮಾನಿಟರಿನಲ್ಲೂ ಲಾಗಿನ್ ಆಗಿದ್ದಾರಾ ನೋಡಿ, ಬಹಳ ಸಲ ಅಷ್ಟೇ ಇರುತ್ತೆ.

ಸೌಂಡ್ ಬಗ್ಗೆ ನನಗೆ ಸಿಟ್ಟಿದೆ. ಅದಕ್ಕೆ ಬೇರೆ ಮಾಡ್ಯೂಲ್ ಬೇಕು, ಎಷ್ಟೋ ಕಡೆ ಅದನ್ನು ನೀವೇ ಕಂಪೈಲ್ ಮಾಡಿಕೊಳ್ಳಬೇಕು. ದಿನವಿಡೀ ವಿಡಿಯೋ ಮೀಟಿಂಗ್ ಇರುವವರನ್ನು ಇದರ ಮೇಲೆ ಕೂರಿಸಬೇಡಿ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಎಕ್ಸ್‌ಟುಗೋ ಎಲ್ಲವನ್ನೂ ಎಸ್‌ಎಸ್‌ಎಚ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಮೂಲಕ ಕಳಿಸುತ್ತೆ, ಹೊರಗಿನಿಂದ ಬರುವವರಿಗೆ ಅದು ವಾಸಿ, ಆದರೆ ಅದರ ಕ್ಲೈಂಟ್ ಬೇರೆ ಹಾಕಬೇಕು. ಮೇಜಿನ ಮೇಲಿನ ಪಿಸಿಗಳಲ್ಲೇ ದಮ್ಮಿದ್ದರೆ ಎಲ್‌ಟಿಎಸ್‌ಪಿ (ಪಿಸಿಗಳನ್ನು ಸರ್ವರ್‌ನಿಂದ ಬೂಟ್ ಮಾಡಿಸುವ ಸಾಫ್ಟ್‌ವೇರ್) ನೋಡಿ. 2019ರಲ್ಲಿ ಅದನ್ನು ಹೊಸದಾಗಿ ಬರೆದ ಮೇಲೆ ಪಿಸಿಗಳು ನೆಟ್‌ವರ್ಕಿನಿಂದ ಬೂಟ್ ಆಗಿ ಕೆಲಸವನ್ನು ತಮ್ಮ ಸಿಪಿಯುನಲ್ಲೇ ಮಾಡಿಕೊಳ್ಳುತ್ತವೆ, ಸರ್ವರ್ ಮೇಲೆ ಭಾರ ಕಮ್ಮಿ.