ಬೀದರ್–ಕಲಬುರಗಿ ಡೆಮು (ಡೀಸೆಲ್ ಪ್ಯಾಸೆಂಜರ್ ರೈಲು): ಹಳ್ಳಿಯವರಿಗೆ ಎಷ್ಟು ಅನುಕೂಲ?

2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ, ಸುಮಾರು 110 ಕಿ.ಮೀ. ಮಾರ್ಗವಿದು. ಹುಮನಾಬಾದ್, ಕಮಲಾಪುರದ ಕಡೆ ದುಡ್ಡು ಕೊಟ್ಟು ಬಸ್ ಹತ್ತುವವರಿಗೆ ಇದು ಅಗ್ಗ. ಮರಗುತ್ತಿ ಹತ್ತಿರದ ಸುರಂಗ ಬಂದರೆ ಮಕ್ಕಳ ಕೇಕೆ ಬೇರೆ! ಕೊರತೆ ಎಂದರೆ ಗಾಡಿಗಳ ಸಂಖ್ಯೆ. ಒಂದು ತಪ್ಪಿತೋ, ಬಸ್ ಸ್ಟ್ಯಾಂಡೇ ಗತಿ. ಪ್ಲಾಟ್‌ಫಾರ್ಮ್ ತಗ್ಗಿದ್ದಲ್ಲಿ ತೊಗರಿ ಚೀಲ ಹೊತ್ತವರು, ಮುದುಕರು ಪಾವಟಿಗೆ ಏರಲು ಒದ್ದಾಡಬೇಕು.

ಟಿಕೆಟ್ಟನ್ನು ಆ್ಯಪ್‌ನಲ್ಲಿ ತೆಗೆದರೆ 3 ಗಂಟೆಯೊಳಗೆ ಗಾಡಿ ಹತ್ತಬೇಕು, ಸ್ಕ್ರೀನ್‌ಶಾಟ್ ನಡೆಯದು. ಕಲಬುರಗಿಯಿಂದ ಹಳ್ಳಿಗೆ ಹೋಗುವವರು ವಾಪಸ್ ಬರುವಾಗಿನ ಟಿಕೆಟ್ಟನ್ನು ಕಲಬುರಗಿಯಲ್ಲೇ ಒಟ್ಟಿಗೆ ತೆಗೆಯಬೇಡಿ, ಹಳ್ಳಿ ನಿಲ್ದಾಣದಲ್ಲೇ ತೆಗೆಯಿರಿ. ಒಟ್ಟಿಗೆ ತೆಗೆದರೆ ಮಾರಾಟ ಕಲಬುರಗಿಯ ಲೆಕ್ಕಕ್ಕೆ ಬೀಳುತ್ತದೆ, ಹಳ್ಳಿ ನಿಲ್ದಾಣದ ಪುಸ್ತಕ ಖಾಲಿ ಉಳಿಯುತ್ತದೆ. ನಿಲುಗಡೆ ಕೊಡುವಾಗಲೂ ತೆಗೆಯುವಾಗಲೂ ರೈಲ್ವೆಯವರು ಮೊದಲು ತಿರುವಿ ನೋಡುವುದು ಅದನ್ನೇ.