ಎಸ್‌ಪಿ ರೋಡಲ್ಲಿ 'ಒರಿಜಿನಲ್' ಆರ್ಡುಯಿನೋ ನ್ಯಾನೋ ತಗೊಳ್ಳೋ ಮುಂಚೆ ಇದನ್ನು ಓದಿ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿ ಎಸ್‌ಪಿ ರೋಡಲ್ಲಿ ಮೂರು ಆರ್ಡುಯಿನೋ ನ್ಯಾನೋ ಬೋರ್ಡಿಗೆ (ನಮ್ಮ ಪ್ರೋಗ್ರಾಂ ಹಾಕಿ ಬೇರೆ ಸಾಧನಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) 4,350 ರೂಪಾಯಿ ಕೊಟ್ಟು ಪಂಗನಾಮ ಹಾಕಿಸಿಕೊಂಡು ಬಂದಿದ್ದೇನೆ. ಬರೆಯೋಕೂ ನಾಚಿಕೆ. ಯಾಕೆಂದರೆ ಕಾಲೇಜು ದಿನದಿಂದ ಎಸ್‌ಪಿ ರೋಡ್ ಸುತ್ತುತ್ತಿರುವವನು ನಾನು, ಆಫೀಸಲ್ಲಿ ಯಾರಿಗೆ ಏನು ಬೇಕಾದರೂ "ಎಲ್ಲಿ ಸಿಗುತ್ತೆ" ಅಂತ ನನ್ನನ್ನೇ ಕೇಳುತ್ತಾರೆ. ಅಂಗಡಿ ಹೆಸರು ಹಾಕುವುದಿಲ್ಲ. ನನ್ನ ಹತ್ತಿರ ಬಿಲ್ ಇಲ್ಲ. ಯಾಕಿಲ್ಲ ಅಂತ ಮುಂದೆ ಹೇಳುತ್ತೇನೆ, ಬೈಬೇಡಿ.

ನಮ್ಮ ಓನರ್ ಅಂಕಲ್ ದಿನಾ ಮೋಟರ್ ಹಾಕಿ ಮರೆಯುತ್ತಾರೆ. ಟ್ಯಾಂಕ್ ತುಂಬಿ ಮೆಟ್ಟಿಲ ಮೇಲೆಲ್ಲ ನೀರು, ಅದೂ ದುಡ್ಡು ಕೊಟ್ಟು ಟ್ಯಾಂಕರಲ್ಲಿ ತರಿಸಿದ ನೀರು. ನಾನು ಸುಮ್ನಿರದೆ, "ಅಂಕಲ್, ಆರ್ಡುಯಿನೋ ಹಾಕಿ ಆಟೋಮ್ಯಾಟಿಕ್ ಮಾಡ್ಕೊಡ್ತೀನಿ, ಸಂಪು, ಟ್ಯಾಂಕು ಎರಡರ ಲೆವೆಲ್ಲೂ ಸ್ಕ್ರೀನಲ್ಲೇ ಕಾಣುತ್ತೆ" ಅಂದುಬಿಟ್ಟೆ. ಬೋರ್ಡಿನ ಒಂದು ಪಿನ್ನಿಂದ 20 ಮಿಲಿಆಂಪ್‌ಗಿಂತ ಜಾಸ್ತಿ ಕರೆಂಟ್ ಎಳೆಯಬಾರದು, ಮೋಟರ್‌ಗೆ ಮಧ್ಯೆ ರಿಲೇ, ಕಾಂಟ್ಯಾಕ್ಟರ್ (ಚಿಕ್ಕ ಕರೆಂಟಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್‌ಗಳು) ಬೇಕು, ಅದನ್ನೆಲ್ಲ ಲೆಕ್ಕ ಹಾಕಿದ್ದೆ. ಚಿಪ್ಪೇ ಬೇರೆ ಇರುತ್ತೆ ಅನ್ನೋದನ್ನು ಲೆಕ್ಕ ಹಾಕಿರಲಿಲ್ಲ.

300 ರೂಪಾಯಿ ಆಸುಪಾಸಿನ ಕಾಪಿ ಬೋರ್ಡ್ ಸಿಗುತ್ತಿತ್ತು. ಬೇರೆಯವರ ಮನೆ ಕೆಲಸ, ಕೈಕೊಡಬಾರದು ಅಂತ ಒರಿಜಿನಲ್ಲೇ ಕೇಳಿದೆ. ಸೀಲ್ ಮಾಡಿದ ಡಬ್ಬಿ, ಮೇಲೆ 'ಮೇಡ್ ಇನ್ ಇಟಲಿ'. ಅಂಗಡಿಯವನು ಒಂದನ್ನು ಬಿಚ್ಚಿ ಯುಎಸ್‌ಬಿಗೆ ಸಿಕ್ಕಿಸಿದ, ಲೈಟ್ ಮಿನುಗಿತು. "ನೋಡಿ ಸಾರ್, ಪಕ್ಕಾ ಒರಿಜಿನಲ್." ನಾನು ತಲೆ ಆಡಿಸಿದೆ. ಆ ಲೈಟ್ ಪ್ರೋಗ್ರಾಂ ಬೋರ್ಡಲ್ಲಿ ಮೊದಲೇ ಹಾಕಿ ಕಳಿಸಿರುತ್ತಾರೆ, ಕಾಪಿ ಬೋರ್ಡಲ್ಲೂ ಮಿನುಗುತ್ತೆ. ಗೊತ್ತಿತ್ತು ನನಗೆ. ಗೊತ್ತಿದ್ದೂ ತಲೆ ಆಡಿಸಿದೆ! "ಬಿಲ್ ಬೇಕಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಎಕ್ಸ್‌ಟ್ರಾ" ಅಂದ. "ಬೇಡ ಬಿಡಿ" ಅಂದವನೂ ನಾನೇ.

ಮನೆಗೆ ಬಂದು ಪ್ರೋಗ್ರಾಂ ಹಾಕಿದರೆ ಎರರ್. ನ್ಯಾನೋದ ಮೆದುಳಾದ ಎಟಿಮೆಗಾ328ಪಿ ಚಿಪ್ ತನ್ನ ಗುರುತು ಕೇಳಿದರೆ 1ಇ 95 0ಎಫ್ ಅಂತ ಹೇಳಬೇಕು. ಇದು 1ಇ 94 06 ಅನ್ನುತ್ತಿತ್ತು. ಎರಡು ರಾತ್ರಿ ಕೇಬಲ್ ಬದಲಾಯಿಸಿದೆ, ಡ್ರೈವರ್ ಹಾಕಿದೆ, ಹಳೇ ಬೂಟ್‌ಲೋಡರ್ (ನಮ್ಮ ಪ್ರೋಗ್ರಾಂ ಚಿಪ್ಪಿಗೆ ಇಳಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್) ಆಯ್ಕೆ ಮಾಡಿ ನೋಡಿದೆ, ನನ್ನದೇ ತಪ್ಪು ಅಂದುಕೊಂಡು ಒದ್ದಾಡಿದೆ. ಕೊನೆಗೆ ಸುಮ್ನೆ ಮೆನುವಿನಲ್ಲಿ 'ಎಟಿಮೆಗಾ168' ಒತ್ತಿದೆ. ಸಲೀಸಾಗಿ ಹೋಯಿತು. ಆಗ ಗೊತ್ತಾಯಿತು, ಒಳಗಿರೋದು ಅದಕ್ಕಿಂತ ಚಿಕ್ಕ 168 ಚಿಪ್ ಅಂತ. ಹೊಟ್ಟೆಯಲ್ಲಿ ಒಂಥರಾ ಆಯಿತು.

ಆದರೆ ಚಿಪ್ ಮೇಲೆ 328ಪಿ ಅಂತ ಸ್ಪಷ್ಟವಾಗಿ ಬರೆದಿದೆಯಲ್ಲ? ಹೆಂಡತಿಯ ನೇಲ್ ಪಾಲಿಶ್ ರಿಮೂವರ್ ತಂದು ಹತ್ತಿಯಲ್ಲಿ ಒರೆಸಿದೆ. ಅಕ್ಷರ ಹತ್ತಿಗೆ ಬಂತು. "ಏನ್ರೀ, ಬೋರ್ಡಿಗೂ ಉಗುರು ಬಂತಾ?" ಅಂತ ಅವಳು ನಗುತ್ತಿದ್ದಾಳೆ, ನನಗೆ ಅಳು.

168 ಕೆಟ್ಟ ಚಿಪ್ ಅಲ್ಲ, ಆದರೆ ಮೆಮೊರಿ ಎಲ್ಲ ಅರ್ಧ. 32 ಕೆಬಿ ಜಾಗದ ಬದಲು 16, ಅದರಲ್ಲಿ ನ್ಯಾನೋದಲ್ಲಿ ನಮಗೆ ಸಿಗುವುದು 14,336 ಬೈಟ್. ನನ್ನ ಪ್ರೋಗ್ರಾಂ 19,000 ದಾಟಿತ್ತು. ಅದಕ್ಕಿಂತ ಹೆಚ್ಚಾಗಿ, ಲೆವೆಲ್ ತೋರಿಸಬೇಕಿದ್ದ 128-64 ಚುಕ್ಕಿಗಳ ಆ ಪುಟ್ಟ ಸ್ಕ್ರೀನಿನ ಚಿತ್ರಕ್ಕೇ 1,024 ಬೈಟ್ ರ್‍ಯಾಮ್ ಬೇಕು. ಈ ಚಿಪ್ಪಿನ ಇಡೀ ರ್‍ಯಾಮ್ 1,024! 328ರಲ್ಲೂ ಇರೋದು 2 ಕೆಬಿ ಮಾತ್ರ, ಅದರಲ್ಲೇ ಹಿಂಡಿ ಹಿಂಡಿ ಬರೆದಿದ್ದೆ.

ವಾಪಸ್ ಹೋದೆ. ಮೊದಲು "ಸಾರ್, ನಿಮ್ಮ ಸಾಫ್ಟ್‌ವೇರ್ ಪ್ರಾಬ್ಲಂ" ಅಂದ. ಹತ್ತಿ ತೋರಿಸಿದೆ. "ಕೆಮಿಕಲ್ ಹಾಕಿದ್ದೀರಾ, ಇನ್ನು ರಿಟರ್ನ್ ಆಗಲ್ಲ" ಅಂದ. ಆಮೇಲೆ ಬಂತು ನೋಡಿ, ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತೆ: "ಸಾರ್, ಇದು ಓಪನ್ ಸೋರ್ಸ್. ಓಪನ್ ಸೋರ್ಸಲ್ಲಿ ಒರಿಜಿನಲ್ಲು, ಡೂಪ್ಲಿಕೇಟು ಅಂತ ಎಲ್ಲಿರುತ್ತೆ? ಯಾರು ಬೇಕಾದ್ರೂ ಮಾಡ್ಬಹುದು."

ಮಾಡಬಹುದು ಸ್ವಾಮಿ. ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ಶುರುವಾದಾಗಿನಿಂದ ಆರ್ಡುಯಿನೋದವರ ಡಿಸೈನ್ ತೆರೆದೇ ಇದೆ, ನೋಡಿಕೊಂಡು ಬೋರ್ಡ್ ಮಾಡಿ ಮಾರಿದರೆ ತಪ್ಪೇ ಅಲ್ಲ. ನಾನು ಕಲಿತದ್ದೇ ಕಾಪಿ ಬೋರ್ಡಲ್ಲಿ. ಆದರೆ ಹೆಸರು, ಲೋಗೋ ಅವರ ಟ್ರೇಡ್‌ಮಾರ್ಕ್, ಅದು ಓಪನ್ ಅಲ್ಲ. ಚಿಪ್ ಮೇಲಿನ ಅಕ್ಷರ ಉಜ್ಜಿ ಬೇರೆ ಬರೆಯೋದು ಯಾವ ಸೋರ್ಸಲ್ಲೂ ಓಪನ್ ಅಲ್ಲ. ಇದನ್ನು ಅಂಗಡಿಯಲ್ಲೇ ಹೇಳಿದೆ, ಜೋರಾಗಿಯೇ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಇಂಜಿನಿಯರಿಂಗ್ ಹುಡುಗರು ನನ್ನನ್ನೇ ಹುಚ್ಚನ ಥರ ನೋಡಿದರು. "ಬಿಲ್ ಇದ್ಯಾ ಸಾರ್?" ಅಂದ. ಮುಗಿಯಿತು.

ಕಾಪಿ ಬೇಕಿದ್ದರೆ ಕಾಪಿ ಅಂತಲೇ ಕೇಳಿ, ಕಾಪಿ ರೇಟೇ ಕೊಡಿ. ಅಂಗಡಿಯವನ ಲೈಟ್ ನಂಬಬೇಡಿ, ಲ್ಯಾಪ್‌ಟಾಪ್ ತಗೊಂಡು ಹೋಗಿ ಕೌಂಟರಲ್ಲೇ ನಿಮ್ಮ ಪ್ರೋಗ್ರಾಂ ಹಾಕಿ ನೋಡಿ. ಬೋರ್ಡ್ ತಿರುಗಿಸಿ ನೋಡಿ, ನನ್ನದರ ಹಿಂದೆ ಕಾಪಿಗಳಲ್ಲಿ ಇರುವ ಸಿಎಚ್340 ಅನ್ನೋ ಯುಎಸ್‌ಬಿ ಚಿಪ್ಪೇ ಇತ್ತು, ನಾನು ತಿರುಗಿಸಲೇ ಇಲ್ಲ. ಬಿಲ್ ತಗೊಳ್ಳಿ, ದಯವಿಟ್ಟು.

ಓನರ್ ಅಂಕಲ್ ಎಲೆಕ್ಟ್ರಿಷಿಯನ್ ಕರೆಸಿ, ಟ್ಯಾಂಕ್ ತುಂಬಿದಾಗ ತಾನೇ ಮೋಟರ್ ಆಫ್ ಮಾಡುವ ಫ್ಲೋಟ್ ಸ್ವಿಚ್ ಹಾಕಿಸಿಕೊಂಡರು. ಚೆನ್ನಾಗಿದೆ. ಎದುರು ಸಿಕ್ಕಾಗ ಏನೂ ಕೇಳುವುದಿಲ್ಲ, ಅದೇ ಹಿಂಸೆ. ಆ ಅಂಗಡಿಯವನ ನಂಬರ್ ಇನ್ನೂ ನನ್ನ ಫೋನಲ್ಲಿದೆ. ನಿನ್ನೆ ವಾಟ್ಸಾಪ್ ಸ್ಟೇಟಸ್ ಹಾಕಿದ್ದ: 'ಒರಿಜಿನಲ್ ನ್ಯಾನೋ ಹೊಸ ಸ್ಟಾಕ್ ಬಂದಿದೆ, 1,450 ಮಾತ್ರ.'